ಅಪಧಮನಿಯ ‘ಅಪ’

ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ: ಅಪಧಮನಿ ಯಾವುದು, ಅಭಿಧಮನಿ ಯಾವುದು? ಹತ್ತರಲ್ಲಿ ಎಂಟು ಮಂದಿ ತಡವರಿಸುತ್ತಾರೆ. ನಾನೂ ತಡವರಿಸುತ್ತಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ, ಮರುದಿನ ಮರೆವು. ಸಂಶೋಧನೆಯ ನೆಪದಲ್ಲಿ ಹಳೆಯ ವಿಜ್ಞಾನ ಬರಹಗಳನ್ನು ಓದತೊಡಗಿದ ಮೇಲೆಯೇ ಈ ಪದಗಳನ್ನು ಬಿಡಿಸಿ ನೋಡಬೇಕೆಂದು ಹೊಳೆದದ್ದು. ‘ಅಪ’ ಎಂದರೆ ಇಲ್ಲಿ ದೂರಕ್ಕೆ, ಅಪಹರಣದಲ್ಲಿರುವ ಹಾಗೆ. ‘ಅಭಿ’ ಎಂದರೆ ಕಡೆಗೆ, ಅಭಿಮುಖದಲ್ಲಿರುವ ಹಾಗೆ. ಹೃದಯದಿಂದ ಆಚೆಗೆ ಒಯ್ಯುವುದು ಒಂದು, ಹೃದಯದತ್ತ ತರುವುದು ಇನ್ನೊಂದು. ಒಂದು ಪದದೊಳಗೆ ಇಡೀ ಪಾಠವೇ ಇದೆ. ಆದರೆ ಬೀಗದ ಕೈಯನ್ನು ಯಾರೂ ನಮಗೆ ಕೊಟ್ಟಿರಲಿಲ್ಲ.

ಮಗುವಿಗೆ ಗೊತ್ತಿರುವ ‘ಅಪ’ ಬೇರೆಯದು. ಅಪಶಕುನ, ಅಪಕೀರ್ತಿ, ಅಪಘಾತ. ಹಾಗಾಗಿ ಅಪಧಮನಿ ಕೆಟ್ಟ ರಕ್ತದ ನಾಳವಿರಬೇಕು ಎಂದುಕೊಳ್ಳುತ್ತದೆ. ಅಷ್ಟರಲ್ಲಿ ಮೇಷ್ಟ್ರು ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂದು ಬರೆಸುತ್ತಾರೆ. ಗೊಂದಲ ಪೂರ್ತಿಯಾಯಿತು. ಇಲ್ಲಿ ತಪ್ಪು ಪಾರಿಭಾಷಿಕ ಪದದ್ದಲ್ಲ, ಅದರ ಸುಲಭ ವಿವರಣೆಯದ್ದು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತವೇ. ದಿಕ್ಕನ್ನು ಹೇಳುವ ಪದ ಅಲ್ಲೂ ನಿಲ್ಲುತ್ತದೆ, ಶುದ್ಧ-ಅಶುದ್ಧದ ಲೆಕ್ಕ ಕುಸಿಯುತ್ತದೆ. ಅಷ್ಟಕ್ಕೂ, ನಾವು ಸುಮ್ಮನೆ ಕುಳಿತಿರುವಾಗ ಹೃದಯಕ್ಕೆ ಮರಳುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಆಮ್ಲಜನಕ ಹಾಗೆಯೇ ಉಳಿದಿರುತ್ತದೆ. ಅದನ್ನು ಮಲಿನ ಎನ್ನುವುದು ಯಾವ ವಿಜ್ಞಾನ? ಶುದ್ಧ, ಅಶುದ್ಧ ಎಂಬ ಮಾತುಗಳಿಗೆ ನಮ್ಮ ಊರುಗಳಲ್ಲಿ ಯಾವ ಚರಿತ್ರೆ ಇದೆಯೆಂದು ಬಲ್ಲವರು, ಅವನ್ನು ರಕ್ತದ ಪಾಠಕ್ಕೆ ತರುವ ಮುನ್ನ ಒಮ್ಮೆ ಯೋಚಿಸಬೇಕಿತ್ತು.

ಹೃತ್ಕರ್ಣ, ಹೃತ್ಕುಕ್ಷಿ, ಲೋಮನಾಳಗಳ ಕತೆ ಬೇರೆ. ಕಿವಿ, ಹೊಟ್ಟೆ, ಕೂದಲು: ಲ್ಯಾಟಿನ್ ಪದಗಳ ಒಳಗಿದ್ದ ಚಿತ್ರಗಳನ್ನೇ ಸಂಸ್ಕೃತಕ್ಕೆ ಇಳಿಸಿಕೊಂಡದ್ದು. ‘ಧಮನಿ’ ಮಾತ್ರ ಇಲ್ಲಿಯದೇ, ಆಯುರ್ವೇದದ್ದು. ಅದರ ಧಾತುವಿಗೆ ಊದು ಎಂಬ ಅರ್ಥ. ಸೋಜಿಗವೆಂದರೆ ಆರ್ಟರಿಯ ಮೂಲವಾದ ಗ್ರೀಕ್ ಪದವೂ ಒಮ್ಮೆ ಗಾಳಿಕೊಳವೆಗೆ ಸಂದದ್ದು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತಿ ಬರುತ್ತದೆ ಎಂದು ತೋರಿಸಿದ. ಎರಡು ತುದಿಗಳನ್ನು ಜೋಡಿಸುವ ಲೋಮನಾಳಗಳನ್ನು 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ. ‘ಪರಿಚಲನೆ’ಯ ‘ಪರಿ’ಯಲ್ಲಿ ಹಾರ್ವೆಯ ಆ ಸುತ್ತು ಇದೆ. ದುಡ್ಡಿಗೆ ಚಲಾವಣೆ, ಪತ್ರಿಕೆಗೆ ಪ್ರಸಾರ, ರಕ್ತಕ್ಕೆ ಪರಿಚಲನೆ. ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಮೂರು, ಮೂರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿವೆ.

ಉಸಿರಿನ ವಿಷಯದಲ್ಲಿ ನಮ್ಮ ಪಠ್ಯಗಳನ್ನು ಸಮರ್ಥಿಸುವುದು ಕಷ್ಟ. ಕನ್ನಡ ಪುಸ್ತಕದಲ್ಲಿ ಗಾಳಿಯನ್ನು ಒಳಗೆಳೆದುಕೊಳ್ಳುವುದು ಉಚ್ಛ್ವಾಸ. ಹಿಂದಿ ಪಠ್ಯದಲ್ಲಿ ಉಚ್ಛ್ವಸನ ಎಂದರೆ ಹೊರಬಿಡುವುದು! ಒಂದೇ ಮೂಲದ ಪದ ಎರಡು ರಾಜ್ಯಗಳಲ್ಲಿ ಎರಡು ದಿಕ್ಕಿಗೆ ಊದುತ್ತದೆ. ಸಂಸ್ಕೃತದ ಪದಗಳಿದ್ದರೆ ಭಾರತದ ಭಾಷೆಗಳಿಗೆಲ್ಲ ಒಂದೇ ಪರಿಭಾಷೆ ಸಿಗುತ್ತದೆ ಎಂಬ ಹಳೆಯ ವಾದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಸಿಕ್ಕಿಲ್ಲ. ನಿಟ್ಟುಸಿರು, ಏದುಸಿರು, ಬಿಸುಸಿರು ಎಂದು ಉಸಿರಿನ ಬಗೆಗಳನ್ನು ಇಷ್ಟು ನಯವಾಗಿ ವಿಂಗಡಿಸಿರುವ ಭಾಷೆಗೆ ‘ಉಸಿರೆಳೆತ’, ‘ಉಸಿರುಬಿಡುವಿಕೆ’ ಸಾಲದೆ? ಯಾರೂ ದಿಕ್ಕು ತಪ್ಪುವುದಿಲ್ಲ.

ಹಾಗೆಂದು ಎಲ್ಲ ಪದಗಳನ್ನೂ ಕಿತ್ತು ಅಚ್ಚಗನ್ನಡದ್ದನ್ನು ನೆಡಬೇಕೆಂದು ಹೇಳುತ್ತಿಲ್ಲ. ಆಡುಮಾತಿನ ‘ನರ’ವನ್ನೇ ನೋಡಿ. ಡ್ರಿಪ್ ಹಾಕಲು ಬಂದ ನರ್ಸ್ ‘ನರ ಸಿಗ್ತಿಲ್ಲ’ ಎನ್ನುವಾಗ ಹುಡುಕುವುದು ರಕ್ತನಾಳವನ್ನು. ಪಠ್ಯದ ನರ ಮಿದುಳಿನ ಸಂದೇಶ ಒಯ್ಯುವಂಥದ್ದು. ಇಲ್ಲಿ ಅಭಿಧಮನಿ ಬೇಕೇ ಬೇಕು.

ಜಲಚಕ್ರದ ಪಾಠದಲ್ಲಿ ಎರಡು ಬಗೆಯ ಪದಗಳೂ ಪಕ್ಕಪಕ್ಕ ಕೂತಿವೆ. ಬಾಷ್ಪೀಭವನ ಎಂದೊಡನೆ ನನಗೆ ನೆನಪಾಗುವುದು ಆನಂದಬಾಷ್ಪ. ಗಿಡಗಳ ‘ಬಾಷ್ಪವಿಸರ್ಜನೆ’ ಓದಿದಾಗ ಗಿಡ ಅಳುತ್ತಿದೆಯೆಂದೇ ತಿಳಿದಿದ್ದೆ. ‘ಆವಿಯಾಗುವಿಕೆ’ಗೆ ಆ ತೊಡಕಿಲ್ಲ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದವರಿಗೆಲ್ಲ ಅದು ಗೊತ್ತು. ಅದೇ ಮುಚ್ಚಳದ ಒಳಗೆ ಹನಿಗಟ್ಟುವುದಕ್ಕೆ ಕೆಲವರು ಸಾಂದ್ರೀಕರಣ ಎನ್ನುತ್ತಾರೆ, ಕೆಲವರು ಘನೀಕರಣ. ನೀರು ಮಂಜುಗಡ್ಡೆಯಾಗುವುದಕ್ಕೂ ಘನೀಕರಣ ಎಂದೇ ಹೆಸರು. ಆವಿ ನೀರಾಯಿತೋ, ನೀರು ಗಡ್ಡೆಯಾಯಿತೋ? ವಿಜ್ಞಾನದ ಪದವೊಂದು ಮಾಡಬಾರದ ಕೆಲಸವೆಂದರೆ ಇದೇ. ‘ಹನಿಗಟ್ಟುವಿಕೆ’ ಎಂದು ಬರೆದರೆ ಯಾರ ಮರ್ಯಾದೆ ಹೋಗುತ್ತದೋ ಕಾಣೆ.

ಇನ್ನು ಮಳೆನೀರು ನೆಲದೊಳಗೆ ಇಳಿಯುವುದಕ್ಕೆ ನಮ್ಮಲ್ಲಿರುವುದು ‘ಇಂಗು’. ತೋಟದ ಇಂಗುಗುಂಡಿಯಿಂದ ಹಿಡಿದು ಸರ್ಕಾರಿ ಯೋಜನೆಗಳವರೆಗೆ ಎಲ್ಲರೂ ಬಳಸುವ ಪದ. ಬಾಯಾರಿಕೆ ಇಂಗಿತು, ಹಸಿವು ಇಂಗಿತು ಎಂದೂ ಅನ್ನುತ್ತೇವೆ. ನೆಲದೊಳಗೆ ನೀರು ಹೋಗುವುದಕ್ಕೂ ಗಂಟಲೊಳಗೆ ದಾಹ ಅಡಗುವುದಕ್ಕೂ ಒಂದೇ ಕ್ರಿಯಾಪದ. ಈ ಒಂದನ್ನು ಮಾತ್ರ ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ.