ಬಿರಿದ ಗೋಡೆಯ ಸಾಕ್ಷ್ಯ: ಭೂಕಂಪ, ಜ್ವಾಲಾಮುಖಿಗಳ ಚಾರಿತ್ರಿಕ ಚಿತ್ರಗಳನ್ನು ಓದುವ ಬಗೆ

ಭೂಕಂಪ ಹಾಗೂ ಜ್ವಾಲಾಮುಖಿಗಳ ಹಳೆಯ ಚಿತ್ರಗಳನ್ನು ಕುರಿತು ಸಾಮಾನ್ಯವಾಗಿ ಎರಡು ನಿಲುವುಗಳು ಕಂಡುಬರುತ್ತವೆ. ಚಿತ್ರವು ಘಟನೆಯನ್ನು ಯಥಾವತ್ತಾಗಿ ದಾಖಲಿಸಿಲ್ಲವೆಂದು ಅದನ್ನು ಬದಿಗಿಡುವುದು ಒಂದು. ಚಿತ್ರದ ರಮ್ಯತೆಯನ್ನಷ್ಟೆ ಮೆಚ್ಚಿ ಘಟನೆಯನ್ನು ಮರೆಯುವುದು ಇನ್ನೊಂದು. ಇವೆರಡೂ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ. ಝೆಕ್ ಭೂಕಂಪವಿಜ್ಞಾನಿ ಯಾನ್ ಕೊಜಾಕ್ ಅವರ ಸಂಗ್ರಹದಂತಹ ಚಿತ್ರರಾಶಿಗಳು ಈ ಪ್ರಶ್ನೆಯನ್ನು ಮತ್ತೆ ಎತ್ತಲು ಅವಕಾಶ ಮಾಡಿಕೊಟ್ಟಿವೆ.

1755ರ ನವೆಂಬರ್ 1ರಂದು ಲಿಸ್ಬನ್ ನಗರವು ಮೊದಲು ನಡುಗಿತು. ಅನಂತರ ಸಮುದ್ರವು ಉಕ್ಕಿತು. ಬೆಂಕಿಯು ಹಲವು ದಿನ ಉರಿಯಿತು. ಯುರೋಪಿನ ಬೇರೆ ಬೇರೆ ನಗರಗಳಲ್ಲಿ ಅಚ್ಚಾದ ಅಗ್ಗದ ಮುದ್ರಿತ ಚಿತ್ರಗಳಲ್ಲಿ ಈ ಮೂರೂ ಒಮ್ಮೆಗೇ ನಡೆಯುತ್ತವೆ. ಗೋಪುರಗಳು ವಾಲುತ್ತಿರುವಾಗಲೇ ಹಡಗುಗಳು ಮುಳುಗುತ್ತವೆ, ಜ್ವಾಲೆ ಮೇಲೇಳುತ್ತದೆ. ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಪುರವರ್ಣನೆಯಿಂದ ಪುರದ ನಕ್ಷೆಯನ್ನು ಬರೆಯಲಾಗದು. ಹಾಗೆಂದು ಅದು ಸುಳ್ಳೂ ಅಲ್ಲ. ಪುರವೆಂದರೆ ಏನೆಂದು ಆ ಕಾಲ ಭಾವಿಸಿತ್ತು ಎಂಬುದಕ್ಕೆ ಅದು ಸಾಕ್ಷಿ. ಲಿಸ್ಬನ್ನಿನ ಈ ಚಿತ್ರಗಳೂ ಹಾಗೆಯೇ ಭಯದ ಸಾಕ್ಷ್ಯಗಳು, ಕಂಪನದ ಸಾಕ್ಷ್ಯಗಳಲ್ಲ.

1757ರಲ್ಲಿ ಪ್ಯಾರಿಸ್ಸಿನ ಜಾಕ್ ಫಿಲಿಪ್ ಲ ಬಾ ಪ್ರಕಟಿಸಿದ ಲಿಸ್ಬನ್ ಅವಶೇಷಗಳ ಆರು ಚಿತ್ರಗಳು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದಿವೆ. ಸ್ಥಳದಲ್ಲಿ ಬರೆದ ರೇಖಾಚಿತ್ರಗಳೇ ಇವಕ್ಕೆ ಆಧಾರ. ಆದರೆ 1755ರ ವಸಂತದಲ್ಲಿ ಪ್ರಾರಂಭವಾಗಿ ಕೆಲವೇ ತಿಂಗಳಲ್ಲಿ ನಾಶವಾದ ಒಪೆರಾ ಮಂದಿರವು ಇಲ್ಲಿ ಪ್ರಾಚೀನ ರೋಮಿನ ಭಗ್ನಾವಶೇಷದಂತೆ ತೋರುತ್ತದೆ. ನಿನ್ನೆಯ ದುರಂತಕ್ಕೆ ಸಾವಿರ ವರ್ಷಗಳ ದೂರ ದೊರೆತಿದೆ. ನಿಖರತೆ ಹೆಚ್ಚಿದಂತೆ ಮಮತೆ ಕುಗ್ಗಿರುವುದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ನೇಪಲ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ 1776ರಲ್ಲಿ ಹೊರತಂದ 'ಕಾಂಪಿ ಫ್ಲೆಗ್ರೈ' ಗ್ರಂಥದಲ್ಲಿ ಪಿಯೆತ್ರೊ ಫಾಬ್ರಿಸ್ ರಚಿಸಿದ, ಕೈಯಿಂದ ಬಣ್ಣ ತುಂಬಿದ 54 ಫಲಕಗಳಿವೆ. ವೆಸೂವಿಯಸ್ಸಿನ ಕೆಂಪು ಲಾವಾ ನಮ್ಮನ್ನು ಮೊದಲು ಸೆಳೆಯುತ್ತದೆ, ನಿಜ. ಆದರೆ ಗ್ರಂಥದ ಸತ್ತ್ವವಿರುವುದು ಬೂದಿಯ ಪದರಗಳನ್ನೂ ಶಿಲೆಯ ತುಣುಕುಗಳನ್ನೂ ತಾಳ್ಮೆಯಿಂದ ತೋರಿಸುವ ಫಲಕಗಳಲ್ಲಿ. ಅಲ್ಲಿ ಪರ್ವತವು ಅದ್ಭುತವಾಗಿ ಉಳಿಯದೆ ಚರಿತ್ರೆಯುಳ್ಳ ವಸ್ತುವಾಗುತ್ತದೆ.

1857ರ ಡಿಸೆಂಬರ್ 16ರಂದು ದಕ್ಷಿಣ ಇಟಲಿಯಲ್ಲಿ ಭೂಕಂಪವಾದಾಗ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್ ಆ ಊರುಗಳನ್ನು ಸುತ್ತಿ, 1862ರಲ್ಲಿ ಎರಡು ಸಂಪುಟಗಳ ವರದಿ ಪ್ರಕಟಿಸಿದರು. ಗೋಡೆಯ ಬಿರುಕಿನ ಓರೆಯಿಂದ, ಉರುಳಿದ ವಸ್ತುಗಳ ದಿಕ್ಕಿನಿಂದ ಕಂಪನದ ಉಗಮವನ್ನು ಗಣಿಸಲು ಅವರು ಯತ್ನಿಸಿದರು, ಛಾಯಾಚಿತ್ರಗಳನ್ನೂ ಬಳಸಿಕೊಂಡರು. ಅವರ ಕೆಲವು ಗೃಹೀತಗಳನ್ನು ಮುಂದಿನ ವಿಜ್ಞಾನ ಒಪ್ಪಲಿಲ್ಲ. ಆದರೂ ಬಿದ್ದ ಗೋಡೆಯನ್ನು ಶಾಸನದಂತೆ ಓದಬಹುದೆಂಬ ಅವರ ನಂಬಿಕೆ ಸೋತಿಲ್ಲ. ಇಷ್ಟಾದರೂ ಒಂದು ಮಾತನ್ನು ಹೇಳಲೇಬೇಕು: ಛಾಯಾಚಿತ್ರವೂ ಆಯ್ಕೆಯೇ. ಎಲ್ಲಿ ನಿಂತು ತೆಗೆದರು, ಯಾವ ಮನೆಯನ್ನು ಬಿಟ್ಟರು ಎಂದು ಕೇಳದೆ ಅದನ್ನು ಪ್ರಮಾಣವೆಂದು ಸ್ವೀಕರಿಸಲಾಗದು.

ಈ ಚರ್ಚೆ ನಮಗೆ ದೂರದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರಿನ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಸಾವಿರಾರು ಜನ ಮಡಿದರು. ಅಂದಿನ ಚಿತ್ರಗಳನ್ನು ನಾವು ಶೋಕದ ಚಿತ್ರಗಳಾಗಿ ನೋಡಿದೆವು. ಅವುಗಳಲ್ಲೇ ಇನ್ನೊಂದು ಸಂಗತಿಯೂ ಇತ್ತು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಜನರನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ಕುಸಿದ ಆ ಮನೆಗಳು.

ಚಿತ್ರದ ವಿಮರ್ಶೆ ಮರುಕದಲ್ಲಿ ಮುಗಿಯಬಾರದು, ಮಾಪನದಲ್ಲಿ ಒಣಗಲೂಬಾರದು. ಅಗ್ಗದ ಮುದ್ರಿತ ಚಿತ್ರದ ಭಯವನ್ನೂ ಮ್ಯಾಲೆಟ್ಟರ ಬಿರುಕನ್ನೂ ಒಟ್ಟಿಗೆ ಓದಬಲ್ಲ ಕಣ್ಣು ನಮಗೆ ಬೇಕು. ಗೋಡೆ ಹೇಗೆ ಬಿತ್ತೆಂದು ಕೇಳುವುದು ಅದರಡಿ ಮಲಗಿದ್ದವರಿಗೆ ಸಲ್ಲಬೇಕಾದ ಗೌರವವೂ ಹೌದು.