ನೌಕರಿಗೆ ಹೊಂದದ ಎಂಟೆಕ್

ಪುಣೆಯಲ್ಲಿ ಯೆರವಡಾ ಅಂದರೆ ಜನರಿಗೆ ಮೊದಲು ನೆನಪಾಗುವುದು ಸೆಂಟ್ರಲ್ ಜೈಲು, ಆಮೇಲೆ ಮಾನಸಿಕ ಆಸ್ಪತ್ರೆ. ಇಲ್ಲಿನ ಐಟಿ ಪಾರ್ಕುಗಳಲ್ಲಿ ದುಡಿಯುವ ಯಾರಾದರೂ ನೌಕರಿ ಬಿಡದೆ ಕಂಪ್ಯೂಟರ್ ಸೈನ್ಸಿನಲ್ಲಿ ಎಂಟೆಕ್‌ಗೆ ಸೇರುತ್ತೇನೆ ಎಂದರೆ ಗೆಳೆಯರು ಆಸ್ಪತ್ರೆಯ ದಿಕ್ಕಿಗೆ ಕೈ ತೋರಿಸಿ ನಗುತ್ತಾರೆ. ನಗು ಮುಗಿದ ಮೇಲೆ ಉಪದೇಶ. ಉಪದೇಶಿಗಳಲ್ಲಿ ಎರಡು ಪಕ್ಷ. ಒಂದು ಪಕ್ಷದವರು, ಸೇರಲೇಬೇಡ, ಎಲ್ಲಾ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತೆ, ಈಗಂತೂ ಕೋಡ್ ಬರೆಯಲಿಕ್ಕೂ ಎಐ ಇದೆ ಅನ್ನುತ್ತಾರೆ. ಇನ್ನೊಂದು ಪಕ್ಷದವರು ಸ್ವಲ್ಪ ತಲೆ ನರೆತವರು, ಮ್ಯಾನೇಜರ್ ಕುರ್ಚಿಯವರು. ಅವರು ಬೇಡ ಅನ್ನುವುದಿಲ್ಲ. ಸೇರು, ಆದರೆ ಮಾಡುತ್ತಿರುವ ಕೆಲಸಕ್ಕೆ ಹೊಂದುವುದನ್ನೇ ತಗೋ. ಕ್ಲೌಡಿನಲ್ಲಿದ್ದರೆ ಕ್ಲೌಡ್, ಡೇಟಾದಲ್ಲಿದ್ದರೆ ಡೇಟಾ ಸೈನ್ಸ್. ಭಾನುವಾರ ಕಲಿತದ್ದು ಸೋಮವಾರ ಕೆಲಸಕ್ಕೆ ಬರಬೇಕು ಅನ್ನುತ್ತಾರೆ. ಇದಕ್ಕೆ ಎಲ್ಲರೂ ತಲೆದೂಗುತ್ತಾರೆ. ನನ್ನ ತಕರಾರು ಇರುವುದು ಈ ಎರಡನೆಯ ಮಾತಿನ ಮೇಲೆ.

ಮೊದಲ ಪಕ್ಷಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಪುಕ್ಕಟೆ ಸಿಗುತ್ತದೆ ಎನ್ನುವುದು ನಿಜವೇ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಿವೆ, ಎಂಐಟಿಯ ತರಗತಿಗಳಿವೆ, ಕೆಲವಂತೂ ಎಷ್ಟು ಚೆನ್ನಾಗಿವೆ ಎಂದರೆ ನಮ್ಮ ಕಾಲೇಜಿನಲ್ಲಿ ಅಂಥ ಪಾಠ ಕೇಳಿದವರು ಕಡಿಮೆ. ಆದರೆ ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು: 2017-18ರಲ್ಲಿ ಹೆಸರು ಬರೆಸಿದವರ ಪೈಕಿ ಕೊನೆಮುಟ್ಟಿದವರು ನೂರಕ್ಕೆ ಮೂರು ಚಿಲ್ಲರೆ. ಜನ ಸೋಮಾರಿಗಳು ಅಂತಲ್ಲ. ರಾತ್ರಿ ಹತ್ತೂವರೆಗೆ, ಇಡೀ ದಿನದ ಮೀಟಿಂಗುಗಳಾದ ಮೇಲೆ, ಒಂದು ಗ್ರಾಫ್ ಲೆಕ್ಕ ಬಿಡಿಸದಿದ್ದರೆ ಏನೂ ಮುಳುಗುವುದಿಲ್ಲ ಎಂದಾದರೆ ಯಾರೂ ಬಿಡಿಸುವುದಿಲ್ಲ. ಕಟ್ಟಿದ ಫೀಸು, ಭಾನುವಾರ ಮಧ್ಯರಾತ್ರಿಯ ಗಡುವು, ಫೇಲಾದರೆ ಎಂಬ ಅಳುಕು: ಪದವಿ ನಮಗೆ ಮಾರುವುದು ಇದನ್ನೇ, ಪಾಠವನ್ನಲ್ಲ. ಇನ್ನು ಎಐ ಬರೆದ ಕೋಡು ಸರಿಯೋ ತಪ್ಪೋ ಎಂದು ಯಾರಾದರೂ ಹೇಳಬೇಕಲ್ಲ. ಹಾಗೆ ಹೇಳಲು ಬೇಕಾಗುವ ತಿಳಿವಳಿಕೆ ಎಂಥದ್ದು ಎಂಬುದು ಮುಂದೆ ಬರುತ್ತದೆ.

ನೌಕರಿಯವರಿಗೆ ದಾರಿಗಳೇನೂ ಕಡಿಮೆ ಇಲ್ಲ. ಪಿಲಾನಿಯ ಬಿಟ್ಸ್ 1979ರಿಂದಲೇ ದುಡಿಯುವವರಿಗಾಗಿ ಕೋರ್ಸು ನಡೆಸುತ್ತಿದೆ. ಉದ್ಯೋಗದಾತರ ಒಪ್ಪಿಗೆ, ಆಫೀಸಿನೊಳಗೇ ಒಬ್ಬ ಮೆಂಟರ್, ವಾರಾಂತ್ಯದ ತರಗತಿ, ಕೊನೆಗೆ ಡಿಸರ್ಟೇಶನ್. ಕಾನ್ಪುರ ಐಐಟಿ 2022ರಲ್ಲಿ ಇ-ಮಾಸ್ಟರ್ಸ್ ಶುರುಮಾಡಿತು, ಅದಕ್ಕೆ ಗೇಟ್ ಪರೀಕ್ಷೆ ಬೇಡ. ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಸುಮಾರು 7,000 ಡಾಲರಿಗೆ ಆನ್‌ಲೈನಿನಲ್ಲೇ ಇಡೀ ಮಾಸ್ಟರ್ಸ್ ಕೊಡುತ್ತೇನೆಂದು ಹೊರಟಾಗ, ಅಗ್ಗದ್ದು ಎಂದು ಮೂಗು ಮುರಿದವರು ಬಹಳ. ಅಲ್ಲಿ ಹತ್ತು ವಿಷಯ ಮುಗಿಸಬೇಕು, ಮೊದಲ ವರ್ಷದಲ್ಲೇ ಎರಡು ಬುನಾದಿ ವಿಷಯಗಳಲ್ಲಿ ಬಿ ಗ್ರೇಡ್ ತರಬೇಕು. ಆ ಕೋರ್ಸಿಗೆ ಅರ್ಜಿ ಹಾಕಿದವರನ್ನು ಅರ್ಥಶಾಸ್ತ್ರಜ್ಞ ಜೋಶುವಾ ಗುಡ್‌ಮನ್ ಮತ್ತು ಸಂಗಡಿಗರು ಅಭ್ಯಾಸ ಮಾಡಿದರು. ಕ್ಯಾಂಪಸ್ಸಿಗೆ ಅರ್ಜಿ ಹಾಕುವವರ ಸರಾಸರಿ ವಯಸ್ಸು 24, ಆನ್‌ಲೈನ್‌ಗೆ ಹಾಕುವವರದು 34. ಈ ಕೋರ್ಸ್ ಇಲ್ಲದಿದ್ದರೆ ಅವರಲ್ಲಿ ಹೆಚ್ಚಿನವರು ಬೇರೆಲ್ಲಿಯೂ ಸೇರುತ್ತಿರಲಿಲ್ಲ. ಅಂದರೆ ಇವರು ಕ್ಯಾಂಪಸ್ ಸೀಟು ತಪ್ಪಿ ಇತ್ತ ಬಂದವರಲ್ಲ, ಬೇರೆಯೇ ಜನ. ಹತ್ತು ವರ್ಷ ತಡ ಎಂದು ಕೊರಗುವವರಿಗೆ ಪಕ್ಕದ ಒಂದು ಮಾತು: ಬೇಂದ್ರೆಯವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿಎ ಮುಗಿಸಿದ್ದು 1918ರಲ್ಲಿ. ಎಂಎ ಮಾಡಿಕೊಂಡದ್ದು 1935ರಲ್ಲಿ, ಮೇಷ್ಟ್ರಾಗಿ ದುಡಿದು, ಜೈಲಿಗೂ ಹೋಗಿಬಂದ ಮೇಲೆ.

ಮೂವತ್ತನಾಲ್ಕರ ಮನುಷ್ಯ ಇಪ್ಪತ್ತನಾಲ್ಕರವನು ತಾರದ್ದನ್ನು ಏನು ತರುತ್ತಾನೆ? ಸಿಟ್ಟು ತರುತ್ತಾನೆ. ವರ್ಷಗಟ್ಟಲೆ ತೇಪೆ ಹಚ್ಚಿಯೂ ಯಾಕೆಂದು ಗೊತ್ತಾಗದೆ ಉಳಿದ ತಪ್ಪುಗಳ ಮೇಲಿನ ಸಿಟ್ಟು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ನಮ್ಮ ಟೀಮಿನಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬನಿದ್ದಾನೆ. ಒಂದು ರಾತ್ರಿ ಎರಡು ಸರ್ವರುಗಳ ಲಾಗ್ ಒಟ್ಟುಗೂಡಿಸಿ ಸಮಯದ ಪ್ರಕಾರ ಜೋಡಿಸಿ ಕೂತಿದ್ದವನು ಕರೆದ: “ಸರ, ಇಲ್ಲಿ ನೋಡ್ರಿ. ಉತ್ತರ ಮೊದಲ ಬಂದೈತಿ, ಪ್ರಶ್ನೆ ಆಮ್ಯಾಲ ಬಂದೈತಿ.” ನಿಜ. ಒಂದು ಸರ್ವರ್ ಕೇಳಿದ ಸಮಯಕ್ಕಿಂತ ಕೆಲವು ಮಿಲಿಸೆಕೆಂಡ್ ಮೊದಲೇ ಇನ್ನೊಂದು ಉತ್ತರ ಕೊಟ್ಟಿತ್ತು. ಅಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ಇದೇ ಗಡಿಯಾರಗಳನ್ನು ನಂಬಿ ನಮ್ಮ ಪ್ರೋಗ್ರಾಂ ಒಂದು ತೀರ್ಮಾನವನ್ನೂ ಮಾಡುತ್ತಿತ್ತು: ಒಂದೇ ಗ್ರಾಹಕನ ದಾಖಲೆಗೆ ಎರಡು ತಿದ್ದುಪಡಿ ಬಂದರೆ ಯಾವುದರ ಸಮಯ ಈಚಿನದೋ ಅದು ಉಳಿಯಬೇಕು. ಗ್ರಾಹಕ ಮೊಬೈಲ್ ನಂಬರನ್ನು ತಪ್ಪಾಗಿ ಹಾಕಿ, ಕೂಡಲೇ ಸರಿಪಡಿಸುತ್ತಾನೆ. ಮೊದಲ ತಿದ್ದುಪಡಿ ಹೋದ ಯಂತ್ರದ ಗಡಿಯಾರ ಚೂರು ಮುಂದಿದ್ದರೆ ಸರಿಯಾದದ್ದು ಅಳಿದು ತಪ್ಪೇ ಉಳಿಯುತ್ತದೆ. ಎಲ್ಲಿಯೂ ಎರರ್ ಇಲ್ಲ, ಎಲ್ಲಿಯೂ ಕೆಂಪು ದೀಪ ಇಲ್ಲ. ಇಂಥದ್ದಕ್ಕೆ ಆಫೀಸಿನಲ್ಲಿ ನಾವೆಲ್ಲ ಮಾಡುವ ಚಿಕಿತ್ಸೆ ಗೊತ್ತಲ್ಲ: ಗಡಿಯಾರಗಳನ್ನು ಇನ್ನಷ್ಟು ಬಿಗಿಯಾಗಿ ಹೊಂದಿಸು, ನಡುವೆ ಐವತ್ತು ಮಿಲಿಸೆಕೆಂಡ್ ಕಾಯುವ ಸಾಲು ಸೇರಿಸು, ಟಿಕೆಟ್ ಮುಚ್ಚು.

ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದಾಗುವುದೇ ಇಲ್ಲ, ಆದ್ದರಿಂದ ‘ಮೊದಲು’ ‘ಆಮೇಲೆ’ ಎಂಬುದನ್ನು ಗಡಿಯಾರದಿಂದ ಬಿಡಿಸಿ ಬೇರೆ ರೀತಿ ಕಟ್ಟಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದಾರೆ. ಅವರ ಮಾತಿನ ತಿರುಳು ಸರಳ. ಒಂದೇ ಯಂತ್ರದೊಳಗೆ ನಡೆದದ್ದಕ್ಕೆ ಒಂದು ಕ್ರಮ ಇದ್ದೇ ಇದೆ. ಸಂದೇಶ ಕಳಿಸುವುದು ಅದು ತಲುಪುವುದಕ್ಕಿಂತ ಮೊದಲು. ಈ ಎರಡು ಕೊಂಡಿಗಳಿಂದ ಜೋಡಿಸಲಾಗದ ಎರಡು ಘಟನೆಗಳಿದ್ದರೆ ಅವುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಂಡು, ಸಂದೇಶ ಬಂದಾಗಲೆಲ್ಲ ತನ್ನದು ಮತ್ತು ಬಂದದ್ದು ಇವೆರಡರಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿಕೊಂಡರೆ ಉತ್ತರ ಪ್ರಶ್ನೆಗಿಂತ ಮುಂದೆ ಬರಲಾರದು. ಇಪ್ಪತ್ತೆರಡರ ವಯಸ್ಸಿನಲ್ಲಿ ಇದು ಸಿಲೆಬಸ್ಸಿನ ಐದು ಅಂಕದ ಪ್ರಶ್ನೆ. ನಾನೂ ಹಾಗೆಯೇ ಬರೆದು ಮರೆತಿದ್ದೆ. ಆ ರಾತ್ರಿ ಕಂಡ ಹುಡುಗನಿಗೆ ಅದು ಬೇರೆ. ಅವನು ನೌಕರಿ ಬಿಡದೆ ಸೇರಿದ ಎಂಟೆಕ್‌ನ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ತರಗತಿಯಲ್ಲಿ ಆ ಪಾಠ ಬಂದ ವಾರ ಟೀ ಅಂಗಡಿಯಲ್ಲಿ ನಿಂತು ಬಿಸ್ಕತ್ತಿನ ಕವರಿನ ಹಿಂದೆ ಮೂರು ಗೆರೆ ಎಳೆದು ಬಾಣಗಳನ್ನು ಹಾಕಿ ನನಗೇ ವಿವರಿಸಿದ. ನಮ್ಮಿಬ್ಬರ ಮ್ಯಾನೇಜರ್ ಕೇಳಿಸಿಕೊಂಡು, “ನೀನು ಫ್ರಂಟ್‌ಎಂಡಿನವನು, ಇದೆಲ್ಲ ನಿನಗ್ಯಾಕೆ?” ಅಂದರು.

ಎರಡನೆಯ ಪಕ್ಷದ ಪೂರ್ತಿ ತತ್ವಶಾಸ್ತ್ರ ಆ ಒಂದು ಪ್ರಶ್ನೆಯಲ್ಲಿದೆ. ಕೆಲಸಕ್ಕೆ ಹೊಂದುವುದನ್ನು ಓದು ಎಂಬ ಮಾತಿಗೆ, ಈಗ ಕೂತಿರುವ ಕುರ್ಚಿಗೆ ಹೊಂದುವುದನ್ನು ಓದು ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಆ ಕುರ್ಚಿಗೆ ಬೇಕಾದದ್ದನ್ನು ಆಫೀಸು ಹೇಗೂ ಕಲಿಸುತ್ತದೆ, ಕಲಿಸದೆ ಅದಕ್ಕೆ ಗತಿಯಿಲ್ಲ. ಹೊಸ ಟೂಲ್ ಬಂದರೆ ಎರಡು ದಿನದ ಟ್ರೈನಿಂಗ್ ಇಡುತ್ತಾರೆ, ಊಟವನ್ನೂ ಹಾಕಿಸುತ್ತಾರೆ. ಸಂಬಳ ತೆಗೆದುಕೊಂಡು ಕಲಿಯಬಹುದಾದದ್ದನ್ನು ಲಕ್ಷಗಟ್ಟಲೆ ಫೀಸು ಕಟ್ಟಿ ಭಾನುವಾರ ಕಲಿಯುವುದು ಯಾವ ಜಾಣತನ? ಮೇಲಾಗಿ ಟೂಲ್‌ಗಳ ಆಯುಷ್ಯ ನೋಡಿ. ಹತ್ತು-ಹನ್ನೆರಡು ವರ್ಷದ ಹಿಂದೆ ಬಿಗ್ ಡೇಟಾ ಅಂದರೆ ಹಡೂಪ್. ಅದರ ಹೆಸರಿನಲ್ಲಿ ಸರ್ಟಿಫಿಕೇಟುಗಳ ಸುಗ್ಗಿಯೇ ನಡೆಯಿತು. ಇವತ್ತು ಹೊಸದಾಗಿ ಮ್ಯಾಪ್‌ರಿಡ್ಯೂಸ್ ಪ್ರೋಗ್ರಾಂ ಬರೆಯುವವರನ್ನು ಹುಡುಕಬೇಕು. ಬೇಯರ್ ಮತ್ತು ಮ್ಯಾಕ್‌ಕ್ರೈಟ್ 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ಮಾತ್ರ ನಾವು ಬಳಸುವ ಡೇಟಾಬೇಸುಗಳ ಹೊಟ್ಟೆಯಲ್ಲಿ ಈಗಲೂ ಕೂತಿದೆ. ಎಐ ಬರೆದುಕೊಟ್ಟ ಕ್ವೆರಿ ಇಂಡೆಕ್ಸನ್ನು ಮುಟ್ಟುತ್ತದೋ ಇಲ್ಲ ಇಡೀ ಟೇಬಲ್ ಜಾಲಾಡುತ್ತದೋ ಎಂದು ಹೇಳಬಲ್ಲವನು ಆ ಮರವನ್ನು ಒಮ್ಮೆಯಾದರೂ ಕೈಯಾರೆ ಕಟ್ಟಿ ಒಡೆದವನು.

ಆದ್ದರಿಂದ ನನ್ನ ಸಲಹೆ ಮ್ಯಾನೇಜರುಗಳ ಸಲಹೆಗೆ ನೇರ ಉಲ್ಟಾ. ನಿಮ್ಮ ಕೆಲಸದಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಕ್ಲೌಡಿನವರು ಕಂಪೈಲರ್ ತೆಗೆದುಕೊಳ್ಳಲಿ, ಡೇಟಾದವರು ಆಪರೇಟಿಂಗ್ ಸಿಸ್ಟಮ್, ಟೆಸ್ಟಿಂಗಿನವರು ಅಲ್ಗಾರಿದಮ್. ಸಿವಿಲ್ಲೋ ಮೆಕ್ಯಾನಿಕಲ್ಲೋ ಓದಿ ಈಗಷ್ಟೇ ಐಟಿಗೆ ಕಾಲಿಟ್ಟವರ ಮಾತು ಬೇರೆ. ಅವರಿಗೆ ಹತ್ತಿರದ್ದೂ ದೂರದ್ದೇ.

ದೂರದ್ದನ್ನು ಕಲಿತವನು ತನ್ನ ಮನೆಯದನ್ನೇ ಹೊಸ ಕಣ್ಣಿನಿಂದ ನೋಡುತ್ತಾನೆ ಎನ್ನುವುದಕ್ಕೆ ಯೆರವಡಾದಲ್ಲೇ ಸಾಕ್ಷಿ ಇದೆ. ಐಟಿ ಪಾರ್ಕುಗಳು ಬರುವ ಎಷ್ಟೋ ಮೊದಲಿನಿಂದ ಇಲ್ಲಿ ಡೆಕ್ಕನ್ ಕಾಲೇಜ್ ಇದೆ. 1821ರಲ್ಲಿ ನಗರದೊಳಗೆ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿ, 1868ರಲ್ಲಿ ಈ ಆವರಣಕ್ಕೆ ಬಂದ ಸಂಸ್ಥೆ. ಎಸ್.ಎಂ. ಕತ್ರೆಯವರು ನಿರ್ದೇಶಕರಾಗಿದ್ದಾಗ, 1954ರ ಸುಮಾರಿಗೆ, ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಇಲ್ಲಿ ಭಾಷಾವಿಜ್ಞಾನದ ಬೇಸಿಗೆ ಶಾಲೆಗಳು ಆರಂಭವಾದವು. ನೌಕರಿಯಲ್ಲಿದ್ದ ಅಧ್ಯಾಪಕರು ರಜೆಯಲ್ಲಿ ಬಂದು ಕಲಿಯುವ ಏರ್ಪಾಡು, ಇವತ್ತಿನ ವೀಕೆಂಡ್ ಕೋರ್ಸಿನ ಹಿರಿಯಣ್ಣ ಎನ್ನಬಹುದು. ಆ ಕಾಲದ ಇಲ್ಲಿನ ಕನ್ನಡಿಗರು ಕನ್ನಡಕ್ಕೆ ಅಂಟಿಕೊಂಡು ಕೂರಲಿಲ್ಲ. ಎಚ್.ಎಸ್. ಬಿಳಿಗಿರಿಯವರು ಮುಂಡಾ ಬಳಗದ ಖರಿಯಾ ಭಾಷೆಯ ವ್ಯಾಕರಣ ಬರೆದರು, ಅದನ್ನು ಈ ಕಾಲೇಜು 1965ರಲ್ಲಿ ಪ್ರಕಟಿಸಿತು. ಡಿ.ಎನ್. ಶಂಕರ ಭಟ್ಟರು ಇಲ್ಲಿದ್ದಾಗ ಬೋಡೋ ಭಾಷೆಯ ಮೇಲೆ, ತಂಗ್‌ಖುಲ್ ನಾಗಾ ಭಾಷೆಯ ಮೇಲೆ ಕೆಲಸ ಮಾಡಿದರು. ಕನ್ನಡಕ್ಕೂ ಅವಕ್ಕೂ ಯಾವ ನಂಟೂ ಇಲ್ಲ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಹೊಯ್ದಿದ್ದೇವೆ ಎಂದು ಭಟ್ಟರು ಆಮೇಲೆ ವಾದಿಸಿದಾಗ ಆ ವಾದಕ್ಕೆ ಬಂದ ಬಲದಲ್ಲಿ, ಸಂಸ್ಕೃತದ ನೆರಳೇ ಬೀಳದ ಆ ದೂರದ ಭಾಷೆಗಳ ಪಾಲಿದೆ ಎಂದು ನಾನು ನಂಬುತ್ತೇನೆ. ಅವರ ವಾದವನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು.

ಇಷ್ಟೆಲ್ಲ ಹೇಳಿದ ಮೇಲೆ, ಸೇರಲೇಬೇಡ ಅನ್ನುವವರ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾರೆ. ಹೊತ್ತು ಎಲ್ಲಿದೆ? ಗಟ್ಟಿ ವಿಷಯ ಒಂದಕ್ಕೆ ವಾರಕ್ಕೆ ಹದಿನೈದು ಗಂಟೆ ಬೇಕು. ಮೆಟ್ರೋದಲ್ಲಿ ಓದಬಹುದಲ್ಲ ಅನ್ನುತ್ತಾರೆ. ಯೆರವಡಾ ಸ್ಟೇಷನ್ 2024ರ ಆಗಸ್ಟಿನಲ್ಲಿ ತೆರೆದಿದೆ, ವನಾಜ್ ಕಡೆಗೆ ನೇರ ಗಾಡಿಯಿದೆ, ಒಪ್ಪಿದೆ. ಆದರೆ ಸಂಜೆ ಏಳಕ್ಕೆ ಒಂದು ಕೈಯಲ್ಲಿ ಹಿಡಿ ಹಿಡಿದು ನಿಂತು ವಿಡಿಯೋ ನೋಡಬಹುದೇ ಹೊರತು ಪ್ರೂಫ್ ಬಿಡಿಸಲಾಗದು. ಆ ಹದಿನೈದು ಗಂಟೆ ಬರುವುದು ಮನೆಯಿಂದ. ಗಂಡ ಎಂಟೆಕ್ ಮಾಡುತ್ತಿದ್ದರೆ ಮಕ್ಕಳಿಗೆ “ಅಪ್ಪ ಓದ್ತಿದಾರೆ, ಗಲಾಟೆ ಮಾಡಬೇಡಿ” ಎಂದು ಗದರುತ್ತಾರೆ, ಹುಬ್ಬಳ್ಳಿಯಿಂದ ಬಂದ ಅತ್ತೆ-ಮಾವ ಟಿವಿ ಸಣ್ಣಗೆ ಮಾಡುತ್ತಾರೆ. ಹೆಂಡತಿ ಮಾಡುತ್ತಿದ್ದರೆ? ಪಾತ್ರೆ ತೊಳೆದು, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟು, ಹನ್ನೊಂದರ ಮೇಲೆ ಅಸೈನ್‌ಮೆಂಟ್. ಒಂದೇ ಕೋರ್ಸು, ಒಂದೇ ಫೀಸು, ಇಬ್ಬರಿಗೂ ಸಿಗುವ ಗಂಟೆಗಳು ಒಂದೇ ಅಲ್ಲ. ಪ್ರವೇಶ ಅರ್ಜಿಯಲ್ಲಿ ಮ್ಯಾನೇಜರ ಸಹಿ ಕೇಳುವವರು ಮನೆಯವರ ಸಹಿಯನ್ನೂ ಕೇಳಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಹೀಗೆ ಹೊತ್ತು ಸಾಲದವರಿಗೆ ಸೆಮಿಸ್ಟರಿಗೆ ಒಂದೇ ವಿಷಯ ತೆಗೆದುಕೊಳ್ಳಲು ಬಿಡುವ ಕೋರ್ಸೇ ಸರಿ. ಎರಡೇ ವರ್ಷದಲ್ಲಿ ಮುಗಿಸಿ ಎಂದು ಬೆನ್ನುಬೀಳುವಂಥದ್ದು ಬೇಡ.

ಇನ್ನು ಪದವಿಯ ಮೇಲಿನ ಮಾನ್ಯತೆಯ ಮುದ್ರೆ, ಆ ವಿಷಯ ಚುಟುಕಾಗಿ. ಜ್ಞಾನ ಮುಖ್ಯ, ಮಾನ್ಯತೆ ಯಾರಿಗೆ ಬೇಕು ಎಂಬ ಉದಾರ ಮಾತು ಕೇಳಲು ಚಂದ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂದಕ್ಕೆ ಪಡೆದು 2018ರಲ್ಲಿ ಮರಳಿ ಕೊಡುವವರೆಗೆ, ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಅಂಚೆ ಶಿಕ್ಷಣದ ಎಂಜಿನಿಯರಿಂಗ್ ಪದವಿಗಳ ಮೇಲೆ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಕೊಟ್ಟ ತೀರ್ಪೂ ಇದೆ. ಫೀಸು ಕಟ್ಟುವ ಮೊದಲು ಯುಜಿಸಿ, ಎಐಸಿಟಿಇ ಪಟ್ಟಿ ನೋಡುವುದು ಹತ್ತು ನಿಮಿಷದ ಕೆಲಸ.

ಇನ್ನು ಉಳಿದದ್ದು ಕೊನೆಯ ಸೆಮಿಸ್ಟರು. ಕೋರ್ಸುಗಳು ಮ್ಯಾನೇಜರುಗಳ ತತ್ವಕ್ಕೆ ಪೂರ್ತಿ ಶರಣಾಗುವುದು ಅಲ್ಲಿ. ಆಫೀಸಿನ ಕೆಲಸವನ್ನೇ ಡಿಸರ್ಟೇಶನ್ ಆಗಿ ಒಪ್ಪಿಸಬಹುದು, ಆಫೀಸಿನವರೇ ಮಾರ್ಗದರ್ಶಕರು. ಅನುಕೂಲವೇನೋ ಹೌದು. ನಾನು ಕಂಡ ಇಂಥ ಬರಹಗಳಲ್ಲಿ ಹೆಚ್ಚಿನವು, ಹೇಗೂ ಮಾಡಬೇಕಿದ್ದ ಮೈಗ್ರೇಶನ್ ಪ್ರಾಜೆಕ್ಟಿಗೆ ಮೊದಲು ಒಂದು ಸಾಹಿತ್ಯ ಸಮೀಕ್ಷೆ, ಕೊನೆಗೆ ಒಂದು ಉಪಸಂಹಾರ ಸೇರಿಸಿದಂಥವು. ಗೋಪ್ಯತೆಯ ಕರಾರಿನಿಂದಾಗಿ ಕೋಡು ತೋರಿಸುವಂತಿಲ್ಲ, ಅಂಕಿಗಳನ್ನು ಮರೆಮಾಡಬೇಕು. ಪರೀಕ್ಷಕ ಹೊರಗಿನವರಾದರೆ ಅವರು ನೋಡುವುದು ಡಬ್ಬಗಳೂ ಬಾಣಗಳೂ ಇರುವ ಚಿತ್ರಗಳನ್ನು. ವಿದ್ಯಾರ್ಥಿ ಆ ಕಂಪನಿ ಬಿಟ್ಟರೆ ತನ್ನ ಡಿಸರ್ಟೇಶನ್ನನ್ನು ತಾನೇ ಯಾರಿಗೂ ತೋರಿಸುವ ಹಾಗಿಲ್ಲ. ಇದರ ಬದಲು ಒಂದು ಒಳ್ಳೆಯ ಪ್ರಬಂಧವನ್ನು ಹಿಡಿದು ಅದರ ಪ್ರಯೋಗವನ್ನು ಮತ್ತೆ ಮೊದಲಿಂದ ಮಾಡಿ, ಎಲ್ಲಿ ಹೊಂದಿತು ಎಲ್ಲಿ ಹೊಂದಲಿಲ್ಲ ಎಂದು ಎಲ್ಲರೂ ಓದುವಂತೆ ಬರೆಯಲಿ. ಅಥವಾ ಬಹಿರಂಗವಾಗಿರುವ ಯಾವುದಾದರೂ ಡೇಟಾಬೇಸಿನ ಒಂದು ಭಾಗವನ್ನು ಕೈಗೆತ್ತಿಕೊಳ್ಳಲಿ. ಬಾಗಲಕೋಟೆಯ ಹುಡುಗ ಇದನ್ನೇ ಕೇಳಿ ತನ್ನ ಕೋರ್ಸಿನವರಿಗೆ ಪತ್ರ ಬರೆದಿದ್ದಾನೆ. ಉದ್ಯೋಗದಾತರಿಂದ ಒಪ್ಪಿಗೆ ಪತ್ರ ತರಲು ಹೇಳಿದ್ದಾರಂತೆ. ಆ ಪತ್ರಕ್ಕೆ ಸಹಿ ಹಾಕಬೇಕಾದವರು, ಇದೆಲ್ಲ ನಿನಗ್ಯಾಕೆ ಎಂದು ಕೇಳಿದ ಅದೇ ಮ್ಯಾನೇಜರು.