ಐವತ್ತಕ್ಕೆ ಮೊದಲು ಮೂವತ್ತೈದು

ಡಿಎಸ್‌ಎಲ್‌ಆರ್ ಕ್ಯಾಮೆರಾ ಹೊಸದಾಗಿ ಕೊಂಡವರಿಗೆ ಬಲ್ಲವರಿಂದ ಸಿಗುವ ಮೊದಲ ಸಲಹೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಕ್ಯಾಮೆರಾದೊಡನೆ ಬಂದ ಕಿಟ್ ಲೆನ್ಸನ್ನು ಪಕ್ಕಕ್ಕಿಟ್ಟು 50 ಮಿ.ಮೀ. ಎಫ್ 1.8 ಲೆನ್ಸ್ ಕೊಳ್ಳಬೇಕು. ಈ ಲೆನ್ಸ್ ಹಗುರ, ಬೆಲೆಯಲ್ಲಿ ಕಡಿಮೆ, ಮಂದ ಬೆಳಕಿನಲ್ಲೂ ಕೆಲಸಕ್ಕೆ ಬರುತ್ತದೆ ಎಂಬುದೆಲ್ಲ ನಿಜವೇ. ಆದರೆ ಈ ಸಲಹೆ ಹುಟ್ಟಿದ್ದು ಈಗ ಹೆಚ್ಚಿನವರ ಕೈಯಲ್ಲಿರುವ ಕ್ಯಾಮೆರಾಕ್ಕಾಗಿ ಅಲ್ಲ, ಅದಕ್ಕಿಂತ ದೊಡ್ಡ ಚೌಕಟ್ಟಿನ ಫಿಲ್ಮ್ ಕ್ಯಾಮೆರಾಕ್ಕಾಗಿ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರ್ ಉಳ್ಳವರು ತಾವಾಗಿ ಆರಿಸಿ ಕೊಳ್ಳುವ ಮೊದಲ ಲೆನ್ಸ್ ಐವತ್ತರದ್ದಾಗುವುದಕ್ಕಿಂತ ಮೂವತ್ತೈದು ಮಿ.ಮೀ. ಆಸುಪಾಸಿನದಾಗುವುದು ಹೆಚ್ಚು ಯುಕ್ತವೆಂದು ತೋರುತ್ತದೆ.

ಲೆನ್ಸಿನ ಮೈಮೇಲೆ ಬರೆದಿರುವ ಮಿಲಿಮೀಟರಿನ ಸಂಖ್ಯೆ ಅದರ ಉದ್ದವನ್ನಾಗಲಿ ವ್ಯಾಸವನ್ನಾಗಲಿ ಹೇಳುವುದಿಲ್ಲ. ಅದು ಶಾಲೆಯ ಪಠ್ಯಗಳು ಸಂಗಮ ದೂರ ಎಂದು ಕರೆಯುವ ಫೋಕಲ್ ಲೆಂತ್ ಅನ್ನು ಸೂಚಿಸುತ್ತದೆ. ಈ ದೂರ ಕಡಿಮೆಯಾದಷ್ಟೂ ಲೆನ್ಸಿನ ನೋಟ ಅಗಲವಾಗುತ್ತದೆ, ಹೆಚ್ಚಾದಷ್ಟೂ ನೋಟ ಕಿರಿದಾಗಿ ದೂರದ ವಸ್ತು ದೊಡ್ಡದಾಗಿ ಮೂಡುತ್ತದೆ. ಆದರೆ ನೋಟ ಎಷ್ಟು ಅಗಲ ಎಂಬುದು ಸಂಗಮ ದೂರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಲೆನ್ಸ್ ಮೂಡಿಸಿದ ಬಿಂಬದಲ್ಲಿ ಎಷ್ಟು ಭಾಗವನ್ನು ಸೆನ್ಸರು ಹಿಡಿದುಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ 36×24 ಮಿ.ಮೀ. ಅಳತೆಯ ಚೌಕಟ್ಟನ್ನೂ ಅದಕ್ಕೆ ಜೊತೆಯಾಗಿ 50 ಮಿ.ಮೀ. ಲೆನ್ಸನ್ನೂ ಬಳಕೆಗೆ ತಂದಿತು. ಆ ಚೌಕಟ್ಟಿನ ಕರ್ಣ ಸುಮಾರು 43 ಮಿ.ಮೀ. ಇದೆ. ಕರ್ಣದ ಅಳತೆಗೆ ಹತ್ತಿರವಾದ ಸಂಗಮ ದೂರವುಳ್ಳ ಲೆನ್ಸನ್ನು ನಾರ್ಮಲ್ ಲೆನ್ಸ್ ಎನ್ನುವುದು ವಾಡಿಕೆ. ಅದು ದೃಶ್ಯವನ್ನು ಹಿಗ್ಗಿಸಿದಂತೆಯೂ ಕುಗ್ಗಿಸಿದಂತೆಯೂ ಕಾಣಿಸುವುದಿಲ್ಲ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸನ್ ತಮ್ಮ ಬಹುಪಾಲು ಕೆಲಸವನ್ನು ಐವತ್ತರ ಲೆನ್ಸಿನಲ್ಲಿಯೇ ಮಾಡಿದ್ದರಿಂದ ಆ ಸಂಖ್ಯೆಗೆ ತಾಂತ್ರಿಕ ಕಾರಣದ ಜೊತೆಗೆ ಒಂದು ಪರಂಪರೆಯ ಮಾನ್ಯತೆಯೂ ದೊರೆಯಿತು.

ಡಿಜಿಟಲ್ ಕಾಲದಲ್ಲಿ ಸಂಖ್ಯೆ ಹಾಗೆಯೇ ಉಳಿದು ಚೌಕಟ್ಟು ಬದಲಾಯಿತು. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ತಯಾರಿಕೆ ಬಹಳ ದುಬಾರಿಯಾದ್ದರಿಂದ ಸಾಮಾನ್ಯ ಬಳಕೆಯ ಡಿಎಸ್‌ಎಲ್‌ಆರ್‌ಗಳಿಗೆ ಎಪಿಎಸ್-ಸಿ ಎಂಬ ಸಣ್ಣ ಸೆನ್ಸರನ್ನು ಅಳವಡಿಸಲಾಯಿತು. ನಿಕಾನ್ ಕ್ಯಾಮೆರಾಗಳಲ್ಲಿ ಇದು ಸುಮಾರು 23.5×15.6 ಮಿ.ಮೀ., ಕ್ಯಾನನ್ ಕ್ಯಾಮೆರಾಗಳಲ್ಲಿ ಸುಮಾರು 22.3×14.9 ಮಿ.ಮೀ. ಇರುತ್ತದೆ. ಚೌಕಟ್ಟು ಕಿರಿದಾದಾಗ ಬಿಂಬದ ಅಂಚುಗಳು ಕತ್ತರಿಸಿ ಹೋಗುವುದರಿಂದ, ನಿಕಾನ್‌ನಲ್ಲಿ ಸಂಗಮ ದೂರವನ್ನು 1.5ರಿಂದಲೂ ಕ್ಯಾನನ್‌ನಲ್ಲಿ 1.6ರಿಂದಲೂ ಗುಣಿಸಿದಾಗ ಬರುವ ಅಳತೆಯೇ ಹಳೆಯ ಫಿಲ್ಮ್ ಚೌಕಟ್ಟಿಗೆ ಸಮನಾದ ನೋಟವನ್ನು ತಿಳಿಸುತ್ತದೆ. ಈ ಗುಣಕಕ್ಕೆ ಕ್ರಾಪ್ ಫ್ಯಾಕ್ಟರ್ ಎಂದು ಹೆಸರು. ಇದರಂತೆ 50 ಮಿ.ಮೀ. ಲೆನ್ಸ್ ನಿಕಾನ್‌ನ ಸಣ್ಣ ಸೆನ್ಸರಿನ ಮೇಲೆ 75ರ, ಕ್ಯಾನನ್‌ನಲ್ಲಿ 80ರ ಲೆನ್ಸಿನಂತೆ ವರ್ತಿಸುತ್ತದೆ, 35 ಮಿ.ಮೀ. ಲೆನ್ಸ್ ನಿಕಾನ್‌ನಲ್ಲಿ ಸುಮಾರು 52ರಂತೆ ವರ್ತಿಸಿ, ಬಾರ್ನಾಕ್ ಕಾಲದ ಐವತ್ತರ ನೋಟವನ್ನೇ ಹೆಚ್ಚುಕಡಿಮೆ ಹಿಂದಕ್ಕೆ ತಂದುಕೊಡುತ್ತದೆ.

ಈ ಗಣಿತದ ಅರ್ಥ ಮನೆಯೊಳಗೆ ಸ್ಪಷ್ಟವಾಗುತ್ತದೆ. ಮೂರು ಮೀಟರ್, ಅಂದರೆ ಸುಮಾರು ಹತ್ತು ಅಡಿ ದೂರದಿಂದ ನೋಡಿದಾಗ ನಿಕಾನ್‌ನ ಸಣ್ಣ ಸೆನ್ಸರಿನ ಮೇಲೆ 35ರ ಲೆನ್ಸ್ ಎರಡು ಮೀಟರ್ ಅಗಲದ ದೃಶ್ಯವನ್ನು ಒಳಗೊಳ್ಳುತ್ತದೆ, 50ರ ಲೆನ್ಸ್ ಕೇವಲ 1.4 ಮೀಟರನ್ನು ಒಳಗೊಳ್ಳುತ್ತದೆ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಮೊದಲನೆಯದರಲ್ಲಿ ನಿಂತ ವ್ಯಕ್ತಿಯೊಬ್ಬರು ತಲೆಯಿಂದ ಪಾದದವರೆಗೆ ಆರಾಮವಾಗಿ ಹಿಡಿಸುತ್ತಾರೆ, ಎರಡನೆಯದರಲ್ಲಿ ಮೊಣಕಾಲಿನ ಕೆಳಗೆ ಚಿತ್ರ ತುಂಡಾಗುತ್ತದೆ; ಅದೇ ಚಿತ್ರಕ್ಕಾಗಿ ಛಾಯಾಗ್ರಾಹಕರು ಇನ್ನೂ ನಾಲ್ಕು ಅಡಿಗಳಷ್ಟು ಹಿಂದೆ ಸರಿಯಬೇಕಾಗುತ್ತದೆ. ನಡುಮನೆಯಲ್ಲಿ ನಡೆಯುವ ನಾಮಕರಣ, ತೊಟ್ಟಿಲ ಸುತ್ತ ಕೂತ ಹಿರಿಯರು, ಗೌರಿ ಹಬ್ಬದ ಪೂಜೆ, ಅಡುಗೆಮನೆಯ ಕೆಲಸ ಇವೆಲ್ಲ ನಡೆಯುವ ಕೋಣೆಗಳಲ್ಲಿ ಹಾಗೆ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಐವತ್ತನ್ನು ಕೊಂಡ ಅನೇಕರು ಕೆಲವೇ ವಾರಗಳಲ್ಲಿ ಅದನ್ನು ಚೀಲದಲ್ಲಿಟ್ಟು ಕಿಟ್ ಲೆನ್ಸಿಗೆ ಮರಳಲು ಕಾರಣ ಆ ಲೆನ್ಸಿನ ದೋಷವಲ್ಲ, ಈ ಇಕ್ಕಟ್ಟು.

ಆ ಕಿಟ್ ಲೆನ್ಸನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಕ್ಯಾನನ್ 2003ರಲ್ಲಿ ಇಒಎಸ್ 300ಡಿ ಕ್ಯಾಮೆರಾದೊಡನೆ ಜನಸಾಮಾನ್ಯರಿಗೆ ತಲುಪಿಸಿದ 18-55 ಮಿ.ಮೀ. ಜೂಮ್ ಲೆನ್ಸ್ ಮುಂದೆ ಹಲವು ಕಂಪನಿಗಳಲ್ಲೂ ಕಿಟ್ಟಿನ ಮಾದರಿಯಾಯಿತು, ಮತ್ತು ಅದರ 18ರ ತುದಿಯ ಅಗಲವಾದ ನೋಟವನ್ನು ಕಡಿಮೆ ಬೆಲೆಯ ಬೇರಾವ ಲೆನ್ಸೂ ಸುಲಭವಾಗಿ ಕೊಡಲಾರದು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದೊಳಗೆ ಕಂಬಗಳ ಸಾಲನ್ನು ಒಟ್ಟಾಗಿ ತೋರಿಸಬೇಕಾದರೆ 18 ಮಿ.ಮೀ. ಬೇಕೇ ಬೇಕು; ಅಲ್ಲಿಯೇ ತಲೆಯೆತ್ತಿ ನೋಡಬೇಕಾದ ಮದನಿಕೆಯರನ್ನು ಹತ್ತಿರ ತರಲು 55ರ ತುದಿ ನೆರವಾಗುತ್ತದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲವಾದರೂ ಕೈನಡುಕವನ್ನು ಸರಿಪಡಿಸುವ ಸ್ಥಿರೀಕರಣ ವ್ಯವಸ್ಥೆ, ನಿಕಾನ್ ಅದನ್ನು ವಿಆರ್ ಎಂದೂ ಕ್ಯಾನನ್ ಐಎಸ್ ಎಂದೂ ಕರೆಯುತ್ತದೆ, ನಿಶ್ಚಲವಾದ ಶಿಲ್ಪದ ವಿಷಯದಲ್ಲಿ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ.

ಆದರೆ ಸ್ಥಿರೀಕರಣ ನಿಲ್ಲಿಸುವುದು ಛಾಯಾಗ್ರಾಹಕರ ಕೈಯನ್ನು ಮಾತ್ರ, ಎದುರಿಗಿರುವವರ ಚಲನೆಯನ್ನಲ್ಲ. ಕಿಟ್ ಲೆನ್ಸಿನ ನಿಜವಾದ ಮಿತಿ ಇರುವುದು ಇಲ್ಲಿ, ಮತ್ತು ಎರಡನೆಯ ಸಂಖ್ಯೆಯಾದ ಎಫ್ ಸಂಖ್ಯೆಗೆ ಮಹತ್ವ ಬರುವುದೂ ಇಲ್ಲಿಯೇ. ಸಂಗಮ ದೂರವನ್ನು ಬೆಳಕು ಒಳಬರುವ ರಂಧ್ರದ, ಅಂದರೆ ಅಪರ್ಚರಿನ ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆ ದೊರೆಯುತ್ತದೆ. ಆದ್ದರಿಂದ ಈ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಒಳಬರುವ ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ ಸಂಖ್ಯೆಗಳ ಸಣ್ಣ ವ್ಯತ್ಯಾಸವೂ ದೊಡ್ಡ ಪರಿಣಾಮವನ್ನು ಬೀರುತ್ತದೆ. ಕಿಟ್ ಲೆನ್ಸನ್ನು 35 ಮಿ.ಮೀ.ಗೆ ತಂದಾಗ ಅದರ ರಂಧ್ರ ಸಾಮಾನ್ಯವಾಗಿ ಎಫ್ 4.5ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಎಫ್ 1.8ರ ಲೆನ್ಸ್ ಅದೇ ಕ್ಷಣದಲ್ಲಿ ಅದರ ಆರು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತದೆ. ಯಕ್ಷಗಾನದ ಬಯಲಾಟದಲ್ಲಿ ರಂಗಸ್ಥಳದ ದೀಪಗಳ ಬೆಳಕಿಗೆ ಕಿಟ್ ಲೆನ್ಸ್ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಕಾಲ ಷಟರ್ ತೆರೆದಿರಬೇಕೆಂದು ಕೇಳಿದರೆ, ಅದೇ ಐಎಸ್‌ಒದಲ್ಲಿ, ಅಂದರೆ ಸೆನ್ಸರಿನ ಅದೇ ಸಂವೇದನೆಯಲ್ಲಿ, ಎಫ್ 1.8ರ ಲೆನ್ಸಿಗೆ ನೂರಿಪ್ಪತ್ತೈದನೆಯ ಒಂದು ಭಾಗ ಸಾಕಾಗುತ್ತದೆ. ಮೊದಲನೆಯದರಲ್ಲಿ ವೇಷಧಾರಿಯ ಕೈಕಾಲುಗಳು ಬಣ್ಣದ ಗೆರೆಗಳಾಗಿ ಕಲೆಸಿಹೋಗುತ್ತವೆ, ಎರಡನೆಯದರಲ್ಲಿ ಅಭಿನಯದ ಒಂದು ಭಂಗಿ ಸ್ಫುಟವಾಗಿ ನಿಲ್ಲುವ ಸಂಭವ ಹೆಚ್ಚು.

ಸಂಗಮ ದೂರವನ್ನು ಬದಲಿಸಲಾಗದ ಲೆನ್ಸಿಗೆ ಪ್ರೈಮ್ ಎಂದು ಹೆಸರು. ನಿಕಾನ್ 2009ರಲ್ಲಿ ಸಣ್ಣ ಸೆನ್ಸರಿಗೆಂದೇ ತಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್ 1.8ಜಿ ಎಂಬ ಪ್ರೈಮ್ ಲೆನ್ಸ್ ಈ ಬರಹದ ವಾದಕ್ಕೆ ನೇರ ನಿದರ್ಶನ: ಸುಮಾರು 200 ಗ್ರಾಂ ತೂಕದ ಈ ಲೆನ್ಸ್ 30 ಸೆಂ.ಮೀ.ವರೆಗೂ ಹತ್ತಿರ ಫೋಕಸ್ ಮಾಡುತ್ತದೆ. ದೋಷಗಳೂ ಇದಕ್ಕಿವೆ, ಪೂರ್ಣ ತೆರೆದಾಗ ಕಪ್ಪು-ಬಿಳುಪಿನ ಅಂಚುಗಳಲ್ಲಿ ನೇರಳೆ ಛಾಯೆ ಕಾಣಿಸುತ್ತದೆ, ಗೋಡೆ ಬಾಗಿಲುಗಳ ನೇರ ಗೆರೆಗಳು ತುಸು ಉಬ್ಬಿದಂತೆ ತೋರುತ್ತವೆ. ಎಫ್ 2.8ಕ್ಕೆ ಇಳಿಸಿದರೆ ಮೊದಲನೆಯದು ಕಡಿಮೆಯಾಗುತ್ತದೆ, ಎರಡನೆಯದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಕ್ಯಾನನ್ ಬಳಸುವವರಿಗೆ ಇಷ್ಟೇ ಅಗ್ಗವಾದ ಇಂಥದೇ 35 ಅದೇ ಕಂಪನಿಯಿಂದ ದೊರೆಯದು. 2014ರಲ್ಲಿ ಬಂದ ಇಎಫ್-ಎಸ್ 24 ಮಿ.ಮೀ. ಎಫ್ 2.8 ಎಸ್‌ಟಿಎಮ್ ಅವರ ಪಾಲಿನ ಹತ್ತಿರದ ಆಯ್ಕೆ. 125 ಗ್ರಾಂ ತೂಕದ ಈ ಚಪ್ಪಟೆ ಲೆನ್ಸಿನ ನೋಟ ಫಿಲ್ಮ್ ಚೌಕಟ್ಟಿನ 38ಕ್ಕೆ ಸಮ, ಆದರೆ ಒಳಬಿಡುವ ಬೆಳಕು ಎಫ್ 1.8ರ ಅರ್ಧಕ್ಕಿಂತ ಕಡಿಮೆ. ಇಕ್ಕಟ್ಟಾದ ಕೋಣೆ ಮುಖ್ಯವೋ ಮಂದ ಬೆಳಕು ಮುಖ್ಯವೋ ಎಂದು ಅವರು ತೀರ್ಮಾನಿಸಿಕೊಳ್ಳಬೇಕಾಗುತ್ತದೆ, ಮತ್ತು ಬೆಳಕೇ ಮುಖ್ಯವೆನಿಸಿದರೆ ಅವರ ಮಟ್ಟಿಗೆ ಐವತ್ತರ ವಾದಕ್ಕೆ ಬಲ ಬರುತ್ತದೆ.

ಐವತ್ತರ ಪಕ್ಷದಲ್ಲಿ ಹೇಳಬೇಕಾದ ಇನ್ನೊಂದು ಮಾತಿದೆ. ಮುಖದ ಚಿತ್ರವೇ ಪ್ರಧಾನವಾದವರಿಗೆ ಸಣ್ಣ ಸೆನ್ಸರಿನ ಮೇಲಿನ ಐವತ್ತು ಮೂವತ್ತೈದಕ್ಕಿಂತ ಮೇಲು. ಮುಖದ ಅವಯವಗಳ ಪ್ರಮಾಣವನ್ನು ನಿರ್ಧರಿಸುವುದು ಲೆನ್ಸಲ್ಲ, ಕ್ಯಾಮೆರಾ ಮತ್ತು ಮುಖದ ನಡುವಿನ ಅಂತರ. 35ರಲ್ಲಿ ಮುಖವನ್ನು ಚೌಕಟ್ಟಿನ ತುಂಬ ತರಲು ತೀರ ಹತ್ತಿರ ಹೋಗಬೇಕಾದ್ದರಿಂದ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ, 50ರಲ್ಲಿ ಸಾಕಷ್ಟು ದೂರ ನಿಲ್ಲಬಹುದಾದ್ದರಿಂದ ಮುಖ ಸಹಜವಾಗಿ ಮೂಡುತ್ತದೆ. ಆದರೆ ಕಲಿಯುವವರಿಗೆ ಇದರೊಂದಿಗೆ ಒಂದು ಕಷ್ಟವೂ ಬರುತ್ತದೆ. ಎರಡು ಮೀಟರ್ ದೂರದಲ್ಲಿ ಎಫ್ 1.8ಕ್ಕೆ ತೆರೆದ 50ರ ಲೆನ್ಸಿನಲ್ಲಿ ಸ್ಫುಟವಾಗಿ ಕಾಣುವ ವಲಯದ ಆಳ ಸುಮಾರು 11 ಸೆಂ.ಮೀ. ಮಾತ್ರ, 35ರಲ್ಲಿ ಅದು ಇದರ ಎರಡರಷ್ಟು. ಮಗು ತುಸು ಮುಂದಕ್ಕೆ ಬಾಗಿದರೂ 50ರಲ್ಲಿ ಕಣ್ಣು ಮಸುಕಾಗಬಹುದು.

ಹಕ್ಕಿಗಳಿಗಾಗಿಯೇ ಕ್ಯಾಮೆರಾ ಕೊಂಡವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ರಂಗನತಿಟ್ಟಿನಲ್ಲಿ ಐವತ್ತು ಮೀಟರ್ ಆಚೆ ಕುಳಿತ, ಒಂದು ಮೀಟರಿನಷ್ಟು ಎತ್ತರದ ಬಣ್ಣದ ಕೊಕ್ಕರೆ 55 ಮಿ.ಮೀ. ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾಗಿ ಮೂಡುತ್ತದೆ, 250ರಲ್ಲಿ ಐದು ಮಿಲಿಮೀಟರ್ ಆಗಿ ಚೌಕಟ್ಟಿನ ಎತ್ತರದ ಮೂರನೆಯ ಒಂದು ಭಾಗವನ್ನು ತುಂಬುತ್ತದೆ. ಇವರಿಗೆ ಕ್ಯಾನನ್‌ನ 55-250 ಅಥವಾ ನಿಕಾನ್‌ನ 70-300ರಂಥ ಜೂಮ್ ಲೆನ್ಸೇ ಸರಿಯಾದ ಮೊದಲ ಖರೀದಿ. ಆದರೆ ಅಂಗಡಿಗಳು ಎರಡು ಲೆನ್ಸುಗಳ ಕಿಟ್ಟನ್ನು ರಿಯಾಯಿತಿಗೆ ಕೊಡುತ್ತವೆ ಎಂಬ ಕಾರಣಕ್ಕೆ, ಹಕ್ಕಿಗಳಲ್ಲಿ ಆಸಕ್ತಿಯಿಲ್ಲದವರೂ ಇಂಥ ಜೂಮ್ ಲೆನ್ಸನ್ನು ಕೊಂಡರೆ ಅದು ಬೀರುವಿನಲ್ಲಿ ಉಳಿಯುವುದೇ ಹೆಚ್ಚು.

ಯಾರಿಗೆ ಯಾವುದು ಎಂಬುದನ್ನು ಹಣ ಕೊಡುವ ಮುನ್ನವೇ ಪರೀಕ್ಷಿಸಿಕೊಳ್ಳುವ ದಾರಿ ಕಿಟ್ ಲೆನ್ಸಿನಲ್ಲಿಯೇ ಇದೆ. ಅದನ್ನು ಕೆಲವು ದಿನ 35ರಲ್ಲಿ, ಮತ್ತೆ ಕೆಲವು ದಿನ 50ರಲ್ಲಿ ನಿಲ್ಲಿಸಿ, ಜೂಮ್ ಉಂಗುರವನ್ನು ತಿರುಗಿಸದೆ ಚಿತ್ರ ತೆಗೆದರೆ ಯಾವ ನೋಟ ತಮ್ಮ ವಸ್ತುವಿಗೆ ಒಗ್ಗುತ್ತದೆ ಎಂಬುದು ತಿಳಿಯುತ್ತದೆ. ಜೊತೆಗೆ, ಪ್ರತಿ ಚಿತ್ರದ ಕಡತದಲ್ಲಿ ಅದನ್ನು ತೆಗೆದ ಸಂಗಮ ದೂರ ದಾಖಲಾಗಿರುತ್ತದೆ. ಈಗಾಗಲೇ ತೆಗೆದ ಚಿತ್ರಗಳಲ್ಲಿ ಮೆಚ್ಚಿಕೆಯಾದವುಗಳನ್ನು ಮಾತ್ರ ಆರಿಸಿ ಆ ಸಂಖ್ಯೆಗಳನ್ನು ನೋಡಿದರೆ ಕಣ್ಣಿನ ಒಲವು ಗೊತ್ತಾಗುತ್ತದೆ.

ಖರೀದಿಯ ಹೊತ್ತಿಗೆ ಎಚ್ಚರ ವಹಿಸಬೇಕಾದ ಸಂಗತಿಗಳಲ್ಲಿ ಮೊದಲನೆಯದು ಫೋಕಸ್ ಮೋಟಾರು. ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳ ಒಳಗೆ ಈ ಮೋಟಾರು ಇಲ್ಲದಿರುವುದರಿಂದ, ಅಗ್ಗಕ್ಕೆ ಸಿಗುವ ಹಳೆಯ ಎಎಫ್ 50 ಮಿ.ಮೀ. ಎಫ್ 1.8ಡಿ ಲೆನ್ಸ್ ಅವುಗಳ ಮೇಲೆ ಕೂತರೂ ತಾನಾಗಿ ಫೋಕಸ್ ಮಾಡುವುದಿಲ್ಲ. ಲೆನ್ಸಿನಲ್ಲಿಯೇ ಮೋಟಾರು ಇದೆ ಎಂಬುದನ್ನು ಸೂಚಿಸುವ ಎಎಫ್-ಎಸ್ ಎಂಬ ಗುರುತನ್ನು ನೋಡಿಯೇ ಕೊಳ್ಳಬೇಕು. ಕ್ಯಾನನ್ 1987ರಲ್ಲಿ ಆರಂಭಿಸಿದ ಇಎಫ್ ವ್ಯವಸ್ಥೆಯಲ್ಲಿ ಮೋಟಾರು ಮೊದಲಿನಿಂದಲೂ ಲೆನ್ಸಿನೊಳಗೇ ಇರುವುದರಿಂದ ಅಲ್ಲಿ ಈ ತೊಡಕಿಲ್ಲ. ಎರಡನೆಯದು ಬೂಷ್ಟು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವದಲ್ಲಿ ಮುಚ್ಚಿಟ್ಟ ಲೆನ್ಸಿನ ಗಾಜುಗಳ ಮೇಲೆ ಜೇಡರ ಬಲೆಯಂಥ ಎಳೆಗಳು ಬೆಳೆದು ಗಾಜಿನ ಲೇಪನವನ್ನೇ ತಿಂದುಹಾಕುತ್ತವೆ. ಕೈಬದಲಾದ ಲೆನ್ಸ್ ಕೊಳ್ಳುವಾಗ ಅಪರ್ಚರನ್ನು ಪೂರ್ಣ ತೆರೆದು, ಹಿಂದಿನಿಂದ ಟಾರ್ಚು ಬಿಟ್ಟು, ಓರೆಯಾಗಿ ನೋಡಿದರೆ ಈ ಎಳೆಗಳು ಕಾಣಿಸುತ್ತವೆ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ತೇವಾಂಶವನ್ನು ಶೇ. 40ರಿಂದ 50ರ ನಡುವೆ ಕಾಯ್ದುಕೊಳ್ಳುವುದು, ಆಗಾಗ ಹೊರತೆಗೆದು ಬಳಸುವುದು ಇದಕ್ಕೆ ಸಾಕಾದ ಉಪಾಯ.

ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಕಂಪನಿಗಳೂ ಬಳಕೆದಾರರೂ ಹೊರಳಿರುವಾಗ ಡಿಎಸ್‌ಎಲ್‌ಆರ್ ಲೆನ್ಸಿಗೆ ಹಣ ಹಾಕುವುದು ಸರಿಯೇ ಎಂಬ ಅನುಮಾನ ಸಹಜ. ನಿಕಾನ್ ಮತ್ತು ಕ್ಯಾನನ್ ಎರಡೂ 2018ರಲ್ಲಿ ಹೊಸ ಮೌಂಟುಗಳನ್ನು, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಬಾಯಿಗಳನ್ನು, ತಂದಾಗಲೇ ಹಳೆಯ ಲೆನ್ಸುಗಳಿಗೆ ಅಡಾಪ್ಟರುಗಳನ್ನೂ ತಂದವು; ನಿಕಾನ್‌ನ 35 ಮಿ.ಮೀ. ಡಿಎಕ್ಸ್ ಆಗಲಿ ಕ್ಯಾನನ್‌ನ 24 ಆಗಲಿ ಅವುಗಳ ಮೂಲಕ ಹೊಸ ಕ್ಯಾಮೆರಾದಲ್ಲೂ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ಹೊಸದಕ್ಕೆ ಹೊರಳಿದವರು ಮಾರಿದ ಇಂಥ ಲೆನ್ಸುಗಳು ಹಳೆಯ ಸರಕಿನ ಮಾರುಕಟ್ಟೆಯಲ್ಲಿ ಈಗ ಧಾರಾಳವಾಗಿ ಸಿಗುತ್ತಿರುವುದರಿಂದ, ಕಿಟ್ ಲೆನ್ಸನ್ನು ಉಳಿಸಿಕೊಂಡು ಅದಕ್ಕೆ ಒಂದು ಮೂವತ್ತೈದನ್ನು ಸೇರಿಸುವವರಿಗೆ ಖರ್ಚೂ ಕಡಿಮೆ, ನಷ್ಟದ ಭಯವೂ ಕಡಿಮೆ; ಮುಂದೆ ಮುಖಚಿತ್ರದ ಹಂಬಲ ಹೆಚ್ಚಿದರೆ ಐವತ್ತು ಎರಡನೆಯದಾಗಿ ಬರಲು ಅಡ್ಡಿಯಿಲ್ಲ.